ತೆಂಗಿನ ಸೀಮೆಯ ಯುವತಿಯರ ಉದ್ಯಮ ಮತ್ತು ಮಾರ್ಗದರ್ಶನ ಯೋಜನೆಗಳು

ಹೊಸದಾಗಿ ಉದ್ಯಮಕ್ಕೆ ಕೈಹಾಕಿದ ಯುವತಿಯ ಜತೆ, ಅದೇ ದಾರಿಯಲ್ಲಿ ನಡೆದು ಬಂದವರೊಬ್ಬರು ಕೆಲವು ತಿಂಗಳೋ ವರ್ಷವೋ ನಿಂತು ಸಲಹೆ, ಸಂಪರ್ಕ, ಧೈರ್ಯ ಕೊಡುವ ಏರ್ಪಾಟಿಗೆ ಉದ್ಯಮ ಮಾರ್ಗದರ್ಶನ ಎನ್ನುತ್ತಾರೆ. ತರಬೇತಿ ಬೇರೆ, ಸಾಲ ಬೇರೆ, ಇದು ಬೇರೆ. ಕಲಿಸುವವರು ಶಿಬಿರ ಮುಗಿದ ಸಂಜೆ ಬಸ್ಸು ಹತ್ತುತ್ತಾರೆ. ಸಾಲ ಕೊಟ್ಟವರಿಗೆ ಕಂತಿನ ದಿನ ಮಾತ್ರ ನೆನಪಾಗುತ್ತದೆ. ಮಾಡಿದ ಸರಕು ಮೂಲೆಯಲ್ಲಿ ಕೂತಾಗ, ಕೊಂಡ ಅಂಗಡಿಯವನು ದುಡ್ಡು ಕೊಡದೆ ಸತಾಯಿಸಿದಾಗ, ಕಚ್ಚಾವಸ್ತುವಿನ ದರ ಒಂದೇ ತಿಂಗಳಲ್ಲಿ ಏರಿದಾಗ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡುವವರು ಮಾರ್ಗದರ್ಶಿಗಳು.

ಕರ್ನಾಟಕದಲ್ಲಿ ಈ ಬಗೆಯ ಕಾರ್ಯಕ್ರಮಗಳಿಗೆ ನಾಲ್ಕು ದಶಕಗಳ ಇತಿಹಾಸವಿದೆ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಗೆ ಅವು ಬಂದು ಮುಟ್ಟಿದ ಬಗೆಯನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಹೆಣ್ಣುಮಕ್ಕಳಿಗೆ ಕಸುಬು ಕಲಿಸುವವರು ಬೇಕಾದಷ್ಟು ಮಂದಿ ಸಿಕ್ಕಿದ್ದಾರೆ, ಮಾರುಕಟ್ಟೆ ತೋರಿಸುವವರು ಸಿಕ್ಕಿರುವುದು ಕಡಿಮೆ.

ನೆಲ ಮತ್ತು ಕಸುಬು

ಈ ಮೂರು ತಾಲ್ಲೂಕುಗಳನ್ನೂ ಪಕ್ಕದ ಹಾಸನ ಜಿಲ್ಲೆಯ ಅರಸೀಕೆರೆಯನ್ನೂ ಸೇರಿಸಿ ಕಲ್ಪತರು ನಾಡು ಎಂದು ಕರೆಯುವ ರೂಢಿಯಿದೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆ ಇಲ್ಲಿನ ಹಳ್ಳಿಗಳಲ್ಲೊಂದು. ಹೊರಗಿನವರಿಗೆ ಊರು ಪರಿಚಯವಾಗಿರುವುದು ಅಲ್ಲಿನ ಕಲ್ಲೇಶ್ವರ ದೇವಾಲಯದ ಚಾವಣಿಯ ನಟರಾಜನಿಂದ, ಹೊಯ್ಸಳರ ಕಾಲದ ಚೆನ್ನಕೇಶವ ಗುಡಿಯಿಂದ. ಊರಿನವರ ಬದುಕು ನಿಂತಿರುವುದು ತೆಂಗಿನ ಮೇಲೆ. ಗುಡಿ ನೋಡಲು ಬಂದವರ ಕೈಗೆ ಕೊಬ್ಬರಿ ಮಿಠಾಯಿಯ ಪೊಟ್ಟಣವೊಂದನ್ನು ಕೊಟ್ಟು ಕಳಿಸುವ ವ್ಯಾಪಾರ ಇಂಥ ಊರುಗಳಲ್ಲಿ ಯಾಕೆ ಬೆಳೆಯಬಾರದು ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಸರಿ.

ಈ ಸೀಮೆಯ ಕಾಯಿ ಹಿಂದಿನಿಂದಲೂ ಹೆಚ್ಚಾಗಿ ಉಂಡೆ ಕೊಬ್ಬರಿಯಾಗಿಯೇ ಹೊರಗೆ ಹೋಗಿದೆ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೇರಿಸಿ ಹತ್ತು ಹನ್ನೆರಡು ತಿಂಗಳು ಮುಟ್ಟದೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಕಾಯಿ ಅಲ್ಲಾಡಿಸಿದರೆ ಒಳಗೆ ಉಂಡೆ ಗಡಗಡ ಎನ್ನುತ್ತದೆ. ಆಮೇಲೆ ಮಟ್ಟೆ ಸುಲಿದು, ಚಿಪ್ಪಿಗೆ ಕತ್ತಿಯ ಹಿಂಬದಿಯಿಂದ ಸುತ್ತಲೂ ಸಣ್ಣ ಪೆಟ್ಟು ಕೊಟ್ಟು, ಉಂಡೆಯನ್ನು ಇಡಿಯಾಗಿ ಹೊರತೆಗೆಯಬೇಕು. ಪೆಟ್ಟು ಒಂದು ಹದ ಹೆಚ್ಚಾದರೆ ಉಂಡೆ ಹೋಳಾಗುತ್ತದೆ, ಹೋಳಾದರೆ ದರ ಇಳಿಯುತ್ತದೆ. ಚಿಪ್ಪು ಒಡೆಯುವ, ಉಂಡೆಗಳನ್ನು ಗಾತ್ರ ನೋಡಿ ಬೇರ್ಪಡಿಸುವ, ಹಾಳಾದ ಕೌಟನ್ನು ಆಯ್ದು ತೆಗೆಯುವ ಕೆಲಸದಲ್ಲಿ ಹೆಂಗಸರ ಕೈಯೇ ಹೆಚ್ಚು. ಯಾವ ಉಂಡೆ ಯಾವ ದರ್ಜೆಗೆ ಹೋಗುತ್ತದೆ ಎಂಬುದು ಅವರಿಗೆ ಕಣ್ಣಂದಾಜಿನಲ್ಲೇ ಗೊತ್ತು.

ಚೀಲ ತುಂಬಿದ ಮೇಲೆ ಚಿತ್ರ ಬದಲಾಗುತ್ತದೆ. ಕೊಬ್ಬರಿ ತಿಪಟೂರಿನ ಎಪಿಎಂಸಿ ಅಂಗಳಕ್ಕೆ ಹೋಗುತ್ತದೆ. ದಲ್ಲಾಳಿ ಮಂಡಿಯಲ್ಲಿ ಇಳಿಯುತ್ತದೆ. ಟೆಂಡರಿನಲ್ಲಿ ದರ ನಿಗದಿಯಾಗುತ್ತದೆ. ರವಾನೆದಾರರ ಮೂಲಕ ಉತ್ತರ ಭಾರತಕ್ಕೆ ಹೊರಡುತ್ತದೆ. ಅಲ್ಲಿ ಹಬ್ಬಕ್ಕೂ ಮದುವೆಗೂ ಇಡೀ ಉಂಡೆಯೇ ಬೇಕು. ಈ ಇಡೀ ಸರಣಿಯಲ್ಲಿ ಚೀಟಿ ಇರುವುದು ಮನೆಯ ಗಂಡಸಿನ ಹೆಸರಿನಲ್ಲಿ, ದುಡ್ಡು ಬರುವುದು ಅವನ ಖಾತೆಗೆ. ಹತ್ತು ತಿಂಗಳು ಅಟ್ಟದ ಕೆಳಗೇ ಬಾಳಿದವಳಿಗೆ ಮಂಡಿಯ ಮೆಟ್ಟಿಲು ಅಪರಿಚಿತವಾಗಿರುವುದು ಇಲ್ಲಿ ಅಪರೂಪದ ಸಂಗತಿಯಲ್ಲ. ಚಿಪ್ಪು ಇದ್ದಿಲಿಗೆ, ಮಟ್ಟೆ ನಾರಿನ ಕಾರ್ಖಾನೆಗೆ, ನಾರು ತೆಗೆದು ಉಳಿದ ಪುಡಿ ಸಸಿಮಡಿಗಳಿಗೆ ಹೋಗುವಾಗಲೂ ದರ ಮಾತಾಡುವವರು ಬೇರೆಯವರೇ.

ಕರ್ನಾಟಕದಲ್ಲಿ ಬೆಳೆದ ಬಗೆ

1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳ ಸಹಭಾಗಿತ್ವದಲ್ಲಿ ರುಡ್‌ಸೆಟ್ ಸಂಸ್ಥೆ ಹುಟ್ಟಿತು. ನಿರುದ್ಯೋಗಿ ಯುವಕ ಯುವತಿಯರಿಗೆ ಊಟ ವಸತಿಯೊಂದಿಗೆ ಉಚಿತವಾಗಿ ಕಿರು ಅವಧಿಯ ತರಬೇತಿ ಕೊಡುವುದು ಅದರ ಮುಖ್ಯ ಕೆಲಸವಾಗಿತ್ತು. ಅದಕ್ಕಿಂತ ದೊಡ್ಡ ಕಾಣಿಕೆಯೆಂದರೆ ತರಬೇತಿ ಮುಗಿಸಿ ಹೋದವರ ಬೆನ್ನು ಹತ್ತಿ ಎರಡು ವರ್ಷ ವಿಚಾರಿಸುವ ಪದ್ಧತಿ: ಅಂಗಡಿ ತೆರೆದರೇ, ಬ್ಯಾಂಕು ಸಾಲ ಕೊಟ್ಟಿತೇ, ಎಲ್ಲಿ ಸಿಕ್ಕಿಕೊಂಡರು ಎಂದು ಪತ್ರ ಬರೆದು, ಊರಿಗೆ ಹೋಗಿ ಕೇಳುವುದು. ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿಯನ್ನು 2009ರಿಂದ ಆರ್‌ಸೆಟಿ ಎಂಬ ಹೆಸರಿನಲ್ಲಿ ದೇಶದ ಜಿಲ್ಲೆಗಳಿಗೆ ಹರಡಿತು.

ರುಡ್‌ಸೆಟ್ ಹುಟ್ಟಿದ ಮರುವರ್ಷ, 1983ರಲ್ಲಿ, ಬೆಂಗಳೂರಿನಲ್ಲಿ ಮಧುರಾ ಛತ್ರಪತಿ ಮೊದಲಾದ ಉದ್ಯಮಿ ಮಹಿಳೆಯರು ಕಟ್ಟಿದ ಅವೇಕ್ ಸಂಘದ ದಾರಿ ಇನ್ನೊಂದು ಬಗೆಯದು. ಇಲ್ಲಿ ಸಲಹೆ ಕೊಡುವವರು ಅಧಿಕಾರಿಗಳಲ್ಲ, ಉಪನ್ಯಾಸಕರೂ ಅಲ್ಲ. ಸ್ವಂತ ಘಟಕ ನಡೆಸುತ್ತಿದ್ದ ಹೆಂಗಸರು. ಬ್ಯಾಂಕಿನ ವ್ಯವಸ್ಥಾಪಕನು ‘ನಿಮ್ಮ ಯಜಮಾನರನ್ನು ಕರೆದುಕೊಂಡು ಬನ್ನಿ’ ಎಂದರೆ ಏನು ಹೇಳಬೇಕು ಎಂಬುದನ್ನು ಆ ಮಾತು ಕೇಳಿಸಿಕೊಂಡು ಬಂದವಳು ಹೇಳಿಕೊಟ್ಟಂತೆ ಬೇರೆಯವರು ಹೇಳಿಕೊಡಲಾರರು.

ಹಳ್ಳಿಗಳಲ್ಲಿ ಇದಕ್ಕೆ ನೆಲ ಹದಮಾಡಿದ್ದು ಸ್ವಸಹಾಯ ಸಂಘಗಳು. ಮೈರಾಡ ಸಂಸ್ಥೆ 1980ರ ದಶಕದ ಮಧ್ಯದಲ್ಲಿ ದಕ್ಷಿಣ ಕರ್ನಾಟಕದಲ್ಲಿ ಇಂಥ ಗುಂಪುಗಳನ್ನು ಬೆಳೆಸಿತು. 1987ರಲ್ಲಿ ನಬಾರ್ಡ್ ಅದಕ್ಕೆ ಹಣ ಒದಗಿಸಿತು. ರಾಜ್ಯ ಸರ್ಕಾರ ಅದೇ ವರ್ಷ ಮಹಿಳಾ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತು, 2000–01ರಲ್ಲಿ ಸ್ತ್ರೀಶಕ್ತಿ ಯೋಜನೆ ತಂದಿತು. ನಿಗಮದ ‘ಉದ್ಯೋಗಿನಿ’ ಯೋಜನೆಯಲ್ಲಿ ಸಬ್ಸಿಡಿ ಸಹಿತ ಸಾಲವುಂಟು, ಸಾಲಕ್ಕೆ ಮೊದಲು ಕೆಲವು ದಿನಗಳ ತರಬೇತಿಯುಂಟು, ಸಾಲದ ನಂತರ ಜತೆಗಿರುವವರ ಏರ್ಪಾಟು ಮಾತ್ರ ತೆಳು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘಗಳು ತುಮಕೂರು ಜಿಲ್ಲೆಗೂ ಬಂದಿವೆ. ಉಳಿತಾಯ, ಮರುಪಾವತಿ, ವಾರದ ಸಭೆಯ ಶಿಸ್ತು ಈ ಸಂಘಗಳಿಂದ ಬಂದಿತು. ಆ ಶಿಸ್ತು ವ್ಯಾಪಾರ ಬುದ್ಧಿಯಾಗಿ ಬೆಳೆದೇಬಿಡುತ್ತದೆ ಎಂದು ಯೋಜನೆ ಬರೆದವರು ನಂಬಿದ್ದು ಸ್ವಲ್ಪ ಹೆಚ್ಚೇ ಆಯಿತು. ಸಂಘದ ಸಾಲದಲ್ಲಿ ಮಕ್ಕಳ ಶಾಲೆ ಶುಲ್ಕ, ಆಸ್ಪತ್ರೆ, ಕೊಳವೆಬಾವಿ, ಹಸು ಇವುಗಳ ಪಾಲು ಕಳೆದು ಅಂಗಡಿ ಕಟ್ಟೆಯವರೆಗೆ ಬರುವ ದುಡ್ಡು ಎಷ್ಟೆಂದು ಸಂಘದ ಪುಸ್ತಕ ಬರೆಯುವವರನ್ನು ಕೇಳಬೇಕು.

ಪಟ್ಟಣದ ವಿದ್ಯಾವಂತ ಯುವತಿಯರಿಗೆ ಬೇರೆ ಬಾಗಿಲುಗಳು ತೆರೆದಿವೆ. ಬೆಂಗಳೂರಿನ ಐಐಎಂನ ಎನ್‌ಎಸ್‌ಆರ್‌ಸಿಇಎಲ್ ಕೇಂದ್ರ ಮಹಿಳಾ ನವೋದ್ಯಮಗಳಿಗೆಂದೇ ಕಾರ್ಯಕ್ರಮ ನಡೆಸಿದೆ; ಅದಕ್ಕೆ ಗೋಲ್ಡ್‌ಮನ್ ಸ್ಯಾಕ್ಸ್ 2008ರಲ್ಲಿ ಆರಂಭಿಸಿದ ‘10,000 ವಿಮೆನ್’ ಯೋಜನೆಯ ಬೆಂಬಲ ಸಿಕ್ಕಿದೆ. 1992ರಲ್ಲಿ ಬ್ರಿಟನ್ನಿನ ಮಾದರಿ ನೋಡಿ ಲಕ್ಷ್ಮಿ ವೆಂಕಟರಾಮನ್ ವೆಂಕಟೇಶನ್ ಕಟ್ಟಿದ ಭಾರತೀಯ ಯುವ ಶಕ್ತಿ ಟ್ರಸ್ಟ್ ಒಬ್ಬೊಬ್ಬ ಯುವ ಉದ್ಯಮಿಗೂ ಒಬ್ಬ ಸ್ವಯಂಸೇವಕ ಮಾರ್ಗದರ್ಶಿಯನ್ನು ಗೊತ್ತುಮಾಡುತ್ತದೆ. ಲಂಡನ್ನಿನ ಶೆರಿ ಬ್ಲೇರ್ ಪ್ರತಿಷ್ಠಾನ 2010ರಿಂದ ಇದನ್ನೇ ಅಂತರ್ಜಾಲದ ಮೂಲಕ, ದೇಶ ದಾಟಿ, ಸುಮಾರು ಒಂದು ವರ್ಷದ ಅವಧಿಗೆ ನಡೆಸುತ್ತಾ ಬಂದಿದೆ. ನೀತಿ ಆಯೋಗದ ಮಹಿಳಾ ಉದ್ಯಮಶೀಲತಾ ವೇದಿಕೆ 2018ರದು. ಇಂಗ್ಲಿಷ್ ಅರ್ಜಿ ತುಂಬಬಲ್ಲವರಿಗೆ, ತಮ್ಮ ಉದ್ಯಮವನ್ನು ಐದು ನಿಮಿಷದಲ್ಲಿ ವಿವರಿಸಬಲ್ಲವರಿಗೆ ಇವೆಲ್ಲ ಉಪಯುಕ್ತ. ತುರುವೇಕೆರೆಯ ಹಳ್ಳಿಯೊಂದರಲ್ಲಿ ಪಿಯುಸಿ ಮುಗಿಸಿ ಮನೆಯಲ್ಲಿ ಗಾಣ ಹಾಕಬೇಕೆಂದಿರುವ ಹುಡುಗಿಗೆ ಇವುಗಳ ಹೆಸರು ಕಿವಿಗೆ ಬೀಳುವುದೇ ಕಷ್ಟ.

ಸಂಜೀವಿನಿ, ಸಖಿಯರು, ಸಂಪನ್ಮೂಲ ವ್ಯಕ್ತಿಗಳು

ಆ ಹುಡುಗಿಗೆ ಹತ್ತಿರವಿರುವುದು ಗ್ರಾಮ ಪಂಚಾಯಿತಿ ಮಟ್ಟದ ಸ್ವಸಹಾಯ ಸಂಘಗಳ ಒಕ್ಕೂಟ. 2011ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ ಕರ್ನಾಟಕದಲ್ಲಿ ‘ಸಂಜೀವಿನಿ’ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಇದರಡಿ ಊರಿನ ಹೆಂಗಸರನ್ನೇ ಆಯ್ದು, ಕಲಿಸಿ, ಗೌರವಧನ ಕೊಟ್ಟು ಮುಖ್ಯ ಪುಸ್ತಕ ಬರಹಗಾರ್ತಿ, ಕೃಷಿ ಸಖಿ, ಪಶು ಸಖಿ, ಬ್ಯಾಂಕಿನ ವಹಿವಾಟು ಮಾಡಿಕೊಡುವ ಬಿಸಿ ಸಖಿ ಎಂದೆಲ್ಲ ನೇಮಿಸುತ್ತಾರೆ. ಸರಿಯಾದ ಅರ್ಥದ ಉದ್ಯಮ ಮಾರ್ಗದರ್ಶಿ ಬರುವುದು ಇದೇ ಅಭಿಯಾನದ ‘ಸ್ಟಾರ್ಟ್ ಅಪ್ ವಿಲೇಜ್’ ಉಪಯೋಜನೆಯಲ್ಲಿ. ಆಯ್ದ ತಾಲ್ಲೂಕುಗಳಲ್ಲಿ ಜಾರಿಯಲ್ಲಿರುವ ಈ ಯೋಜನೆಗೆ ಕೇರಳದ ಕುಟುಂಬಶ್ರೀ ಹಲವು ರಾಜ್ಯಗಳಲ್ಲಿ ಬೆನ್ನೆಲುಬಾಗಿ ನಿಂತಿದೆ.

ಇಲ್ಲಿ ಮಾರ್ಗದರ್ಶಿಯ ಕೆಲಸ ಸರಳವಾಗಿಯೂ ಬೇಸರ ಹುಟ್ಟಿಸುವಂಥದಾಗಿಯೂ ಇದೆ. ಅದರ ಶಕ್ತಿಯೂ ಅದೇ. ಮೊದಲು ಊರಿನಲ್ಲಿ ಯಾವ ಸರಕು ಎಷ್ಟು ಖರ್ಚಾಗುತ್ತದೆ ಎಂದು ಮನೆ ಮನೆ ಕೇಳಿ ಬರೆದುಕೊಳ್ಳುತ್ತಾಳೆ. ಅಂಗಡಿ ಹಾಕುವವಳ ಜತೆ ಕೂತು ಬಂಡವಾಳ, ತಿಂಗಳ ಖರ್ಚು, ಮಾರಾಟ, ಲಾಭ ಇವುಗಳ ಅಂದಾಜು ಮಾಡಿಸುತ್ತಾಳೆ. ಆಮೇಲೆ ಮತ್ತೆ ಮತ್ತೆ ಬಂದು ದಿನವಹಿ ಪುಸ್ತಕ ತೆಗೆಸುತ್ತಾಳೆ. ಪುಸ್ತಕದಲ್ಲಿ ಮನೆಗೆ ಒಯ್ದ ಎಣ್ಣೆ, ಸಂಬಂಧಿಕರಿಗೆ ಪುಕ್ಕಟೆ ಕೊಟ್ಟ ಚಟ್ನಿಪುಡಿ, ಹಬ್ಬಕ್ಕೆ ಗಲ್ಲಾದಿಂದ ತೆಗೆದ ದುಡ್ಡು ಬರೆದಿರುವುದಿಲ್ಲ. ಅದನ್ನು ಬರೆಸುವುದೇ ಮೊದಲ ಪಾಠ. ‘ನಿನ್ನ ಕೂಲಿ ಎಲ್ಲಿ ಹಾಕಿದ್ದೀಯಮ್ಮ?’ ಎಂದು ಕೇಳುವುದು ಎರಡನೆಯದು. ಹೆಚ್ಚಿನವರು ತಮ್ಮ ದುಡಿಮೆಗೆ ಸೊನ್ನೆ ಹಾಕಿಕೊಂಡೇ ಲಾಭ ಬಂತೆಂದು ತಿಳಿದಿರುತ್ತಾರೆ.

ಇನ್ನೊಂದು ಏರ್ಪಾಟು 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆ, ಪಿಎಂಎಫ್‌ಎಂಇ. ‘ಒಂದು ಜಿಲ್ಲೆ ಒಂದು ಉತ್ಪನ್ನ’ ಪಟ್ಟಿಯಲ್ಲಿ ತುಮಕೂರಿಗೆ ಸಿಕ್ಕಿರುವುದು ತೆಂಗು. ಘಟಕದ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಕೇಂದ್ರದ ಯೋಜನೆಯ ಸಹಾಯಧನ. ಕರ್ನಾಟಕ ಅದರ ಮೇಲೆ ಶೇ 15 ಸೇರಿಸಿ ಒಟ್ಟು ಶೇ 50, 15 ಲಕ್ಷಕ್ಕೆ ಏರಿಸಿದೆ. ಸ್ವಸಹಾಯ ಸಂಘದ ಸದಸ್ಯೆಗೆ 40 ಸಾವಿರ ರೂಪಾಯಿ ಬೀಜಧನವೂ ಉಂಟು. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೃಷಿ ಉತ್ಪನ್ನಗಳ ಸಂಸ್ಕರಣೆ ಮತ್ತು ರಫ್ತಿಗೆಂದಿರುವ ಕೆಪೆಕ್ ನಿಗಮ. ಅರ್ಜಿದಾರರಿಗೆ ನೆರವಾಗಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಯೋಜನಾ ವರದಿ ಬರೆಯುವುದು, ಬ್ಯಾಂಕಿಗೆ ಅಲೆಯುವುದು, ಉದ್ಯಮ್ ನೋಂದಣಿ, ಆಹಾರ ಸುರಕ್ಷತಾ ಪರವಾನಗಿ ಎಲ್ಲ ಅವರೇ ಮಾಡಿಸಿಕೊಡುತ್ತಾರೆ. ಅವರ ಸಂಭಾವನೆ ಮಂಜೂರಾದ ಸಾಲದ ಲೆಕ್ಕದಲ್ಲಿ: ಅರ್ಧ ಸಾಲ ಮಂಜೂರಾದಾಗ, ಉಳಿದರ್ಧ ನೋಂದಣಿ, ತರಬೇತಿ ಮುಗಿದಾಗ. ಕಾಗದಪತ್ರದ ಕಾಡಿನಲ್ಲಿ ಇದು ನಿಜಕ್ಕೂ ದೊಡ್ಡ ಸಹಾಯ. ಘಟಕ ಮೂರನೆಯ ವರ್ಷವೂ ಬಾಗಿಲು ತೆರೆದಿದೆಯೇ ಎಂದು ನೋಡಲು ಮಾತ್ರ ಈ ಲೆಕ್ಕದಲ್ಲಿ ಯಾರಿಗೂ ದುಡ್ಡಿಲ್ಲ. ಯೋಜನೆಯ ಅತಿ ದೊಡ್ಡ ಕೊರತೆ ಇದೇ.

ತಾಂತ್ರಿಕ ಕಲಿಕೆಗೆ ಈ ಸೀಮೆಯಲ್ಲಿ ಜಾಗಗಳಿಗೆ ಬರವಿಲ್ಲ. ತಿಪಟೂರಿನ ಕೊನೇಹಳ್ಳಿಯಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಕೃಷಿ ವಿಜ್ಞಾನ ಕೇಂದ್ರವಿದೆ. ಗ್ರಾಮೀಣಾಭಿವೃದ್ಧಿಯಲ್ಲಿ ತೊಡಗಿರುವ ಬೈಫ್ ಸಂಸ್ಥೆಯ ಕರ್ನಾಟಕ ಶಾಖೆಯ ಕೇಂದ್ರ ಕಚೇರಿ ತಿಪಟೂರಿನಲ್ಲೇ ಇದ್ದು, ಲಕ್ಕಿಹಳ್ಳಿಯಲ್ಲಿ ಅದರ ತರಬೇತಿ ಆವರಣವಿದೆ. ಅರಸೀಕೆರೆಯಲ್ಲಿ ತೆಂಗಿನ ಸಂಶೋಧನಾ ಕೇಂದ್ರವಿದೆ. 1981ರಲ್ಲಿ ಸ್ಥಾಪನೆಯಾದ ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಯಂತ್ರದ ನೆರವಿನಲ್ಲಿ ಮರ ಹತ್ತುವುದನ್ನು ಕಲಿಸುತ್ತಿದ್ದು, ಹೆಣ್ಣುಮಕ್ಕಳೂ ಅದನ್ನು ಕಲಿತಿದ್ದಾರೆ. ಕಾಯರ್ ಬೋರ್ಡಿನ ಮಹಿಳಾ ಕಾಯರ್ ಯೋಜನೆ ಹಗ್ಗ ಹೊಸೆಯುವ ಯಂತ್ರವನ್ನು ಸಹಾಯಧನದಲ್ಲಿ ಕೊಡುತ್ತದೆ.

ಎಣ್ಣೆಯ ಲೆಕ್ಕ

ಕಲಿಕೆಗೂ ಮಾರ್ಗದರ್ಶನಕ್ಕೂ ಇರುವ ಅಂತರ ಕೊಬ್ಬರಿ ದರದ ಏರಿಳಿತದಲ್ಲಿ ಚೆನ್ನಾಗಿ ಕಾಣುತ್ತದೆ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆಯಲ್ಲಿ ದರ 8 ಸಾವಿರದ ಆಸುಪಾಸಿಗೆ ಕುಸಿದು, ರೈತರು ಬೀದಿಗಿಳಿದರು. 2024ರ ಬೆಂಬಲ ಬೆಲೆ 12,000, 2025ರದು 12,100. ಆದರೆ 2025ರ ಮಧ್ಯದ ಹೊತ್ತಿಗೆ ಮಾರುಕಟ್ಟೆಯ ದರ 25 ಸಾವಿರ ದಾಟಿತು.

ಮನೆಯಲ್ಲಿ ಗಾಣದ ಎಣ್ಣೆ ಮಾಡಿ ಮಾರುವವಳಿಗೆ ಇದರ ಅರ್ಥವೇನು? ಒಂದು ಕಿಲೋ ಕೊಬ್ಬರಿಗೆ ಸುಮಾರು 600 ಗ್ರಾಂ ಎಣ್ಣೆ ಎಂದಿಟ್ಟುಕೊಂಡರೆ, ಕೊಬ್ಬರಿ ಕಿಲೋಗೆ 120 ರೂಪಾಯಿ ಇದ್ದಾಗ ಒಂದು ಕಿಲೋ ಎಣ್ಣೆಗೆ ಕಚ್ಚಾವಸ್ತುವೇ 200 ರೂಪಾಯಿ. ಕೊಬ್ಬರಿ 250 ಆದರೆ ಅದು 400 ದಾಟುತ್ತದೆ. ಕರೆಂಟು, ಬಾಟಲಿ, ಲೇಬಲ್, ಸಾಗಣೆ, ಅಂಗಡಿಯವರ ಪಾಲು ಇನ್ನೂ ಸೇರಿಲ್ಲ. ಹಿಂದಿನ ವರ್ಷದ ದರಕ್ಕೆ ಒಪ್ಪಿ ಅಂಗಡಿಗೆ ಮಾತು ಕೊಟ್ಟವಳು ಪ್ರತಿ ಬಾಟಲಿಗೂ ಕೈಯಿಂದ ಹಾಕಬೇಕಾಗುತ್ತದೆ. ಗಾಣ ತಿರುಗಿಸುವುದನ್ನು ಕಲಿಸಿದ ಶಿಬಿರದಲ್ಲಿ ಇದಕ್ಕೆ ಪಾಠವಿರುವುದಿಲ್ಲ.

ಹತ್ತು ವರ್ಷ ಎಣ್ಣೆ ಮಾರಿದವಳು ಹೇಳುವ ಮಾತೇ ಬೇರೆ. ತಿನ್ನುವ ದರ್ಜೆಯ ಇಡೀ ಉಂಡೆಯನ್ನು ಗಾಣಕ್ಕೆ ಹಾಕಬೇಡ, ಅದು ಉತ್ತರ ಭಾರತಕ್ಕೆ ಹೋಗಲಿ. ಒಡೆಯುವಾಗ ಹೋಳಾದದ್ದನ್ನು, ಒಳ್ಳೆಯ ಚೂರನ್ನು ಕಡಿಮೆ ದರಕ್ಕೆ ಹಿಡಿ. ಕೌಟು ಬೆರೆತರೆ ಎಣ್ಣೆ ಬೇಗ ಮುಗ್ಗುತ್ತದೆ, ಆಯ್ದು ತೆಗೆ. ಅಂಗಡಿಗೆ ವರ್ಷದ ದರ ಹೇಳಬೇಡ, ತಿಂಗಳ ದರ ಹೇಳು. ಹಿಂಡಿಯನ್ನು ಹಸು ಸಾಕುವವರಿಗೆ ಕೊಟ್ಟು ಬಂದದ್ದನ್ನು ಲೆಕ್ಕಕ್ಕೆ ಹಿಡಿ. ಎಲ್ಲಕ್ಕಿಂತ ಮುಖ್ಯವಾಗಿ, ಹೋಳು ಕೊಬ್ಬರಿ ಯಾರ ಹತ್ತಿರ ಸಿಗುತ್ತದೆ ಎಂದು ಅವಳಿಗೆ ಗೊತ್ತು. ಅವರಿಗೂ ಅವಳು ಗೊತ್ತು.

ಪರಿಣಾಮದ ಬಗ್ಗೆ ಅಧ್ಯಯನಗಳು

ಬೇರೆ ಕಡೆ ನಡೆದ ಅಧ್ಯಯನಗಳೂ ಇದೇ ದಿಕ್ಕಿಗೆ ಬೆರಳು ತೋರುತ್ತವೆ. ಕೀನ್ಯಾದ ನೈರೋಬಿಯ ದಂಡೋರ ಕೊಳೆಗೇರಿಯಲ್ಲಿ ಸಣ್ಣ ವ್ಯಾಪಾರ ನಡೆಸುವ ಯುವತಿಯರ ನಡುವೆ ಬ್ರೂಕ್ಸ್, ಡೊನೊವನ್, ಜಾನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಪ್ರಯೋಗವೊಂದನ್ನು ನಡೆಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವರಿಗೆ ತರಗತಿಯಲ್ಲಿ ವ್ಯಾಪಾರ ಪಾಠ ಸಿಕ್ಕಿತು; ಇನ್ನು ಕೆಲವರಿಗೆ ಅದೇ ಬಡಾವಣೆಯ ಅನುಭವಸ್ಥ ವ್ಯಾಪಾರಿ ಹೆಂಗಸೊಬ್ಬಳನ್ನು ಮಾರ್ಗದರ್ಶಿಯಾಗಿ ಜೋಡಿಸಲಾಯಿತು. ತರಗತಿಯಿಂದ ಲಾಭ ಹೆಚ್ಚಲಿಲ್ಲ. ಮಾರ್ಗದರ್ಶಿ ಸಿಕ್ಕವರ ಲಾಭ ಸರಾಸರಿ ಶೇ 20ರಷ್ಟು ಏರಿತು. ಕಾರಣ ಹುಡುಕಿದಾಗ ಸಿಕ್ಕಿದ್ದು ದೊಡ್ಡ ತತ್ವವೇನಲ್ಲ, ಸರಕನ್ನು ಎಲ್ಲಿ ಅಗ್ಗವಾಗಿ ಕೊಳ್ಳಬೇಕೆಂಬ ಊರಿನ ಒಳಸುಳಿವು. ಜೋಡಿಗಳ ಭೇಟಿ ನಿಂತಮೇಲೆ ಲಾಭವೂ ಕರಗಿತು, ಒಡನಾಟ ಉಳಿಸಿಕೊಂಡವರಲ್ಲಿ ಉಳಿಯಿತು.

ಅಹಮದಾಬಾದಿನ ಸೇವಾ ಬ್ಯಾಂಕಿನ ಗ್ರಾಹಕರ ನಡುವೆ ಫೀಲ್ಡ್, ಜಯಚಂದ್ರನ್, ಪಾಂಡೆ, ರಿಗೋಲ್ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಎಳೆ ಬಿಡಿಸುತ್ತದೆ. ಎರಡು ದಿನದ ವ್ಯಾಪಾರ ತರಬೇತಿಗೆ ಒಂಟಿಯಾಗಿ ಬಂದವರಿಗಿಂತ ಗೆಳತಿಯನ್ನು ಕರೆತಂದವರು ವ್ಯಾಪಾರಕ್ಕೆ ಸಾಲ ತೆಗೆದದ್ದು ಹೆಚ್ಚು, ಅವರ ಮನೆಯ ಆದಾಯ ಏರಿದ್ದೂ ಹೆಚ್ಚು. ಹೆಣ್ಣಿನ ಓಡಾಟಕ್ಕೆ ಕಟ್ಟುಪಾಡು ಹೆಚ್ಚಿರುವ ಸಮುದಾಯಗಳಲ್ಲಿ ಈ ಪರಿಣಾಮ ಇನ್ನೂ ಗಾಢವಾಗಿತ್ತು. ಮಂಡಿಗೆ ಒಬ್ಬಳೇ ಹೋಗಲು ಹಿಂಜರಿಯುವವಳು ಓರಗೆಯವಳ ಜತೆ ಹೋಗುತ್ತಾಳೆ ಎಂಬುದನ್ನು ಹೇಳಲು ಅಧ್ಯಯನವೇ ಬೇಕೆ ಎಂದು ಯಾರಾದರೂ ಕೇಳಬಹುದು. ಆದರೂ ನಮ್ಮ ತರಬೇತಿಗಳ ಅರ್ಜಿ ನಮೂನೆಗಳು ಇಂದಿಗೂ ಒಬ್ಬೊಬ್ಬರನ್ನೇ ಕರೆಯುತ್ತವೆ.

ಅಡ್ಡಿಗಳು

ಭಾರತದ ಆರನೇ ಆರ್ಥಿಕ ಗಣತಿಯ (2013–14) ಪ್ರಕಾರ ದೇಶದ ಒಟ್ಟು ಉದ್ಯಮ ಘಟಕಗಳಲ್ಲಿ ಹೆಂಗಸರ ಒಡೆತನದವು ಶೇ 14ಕ್ಕೂ ಕಡಿಮೆ. ತೆಂಗಿನ ಸೀಮೆಯಲ್ಲಿ ಇದಕ್ಕೆ ಮೊದಲ ಕಾರಣ ಪಹಣಿ. ತೋಟ, ಮನೆ, ಅಟ್ಟ ಎಲ್ಲ ಅಪ್ಪನ ಅಥವಾ ಗಂಡನ ಹೆಸರಿನಲ್ಲಿರುವಾಗ ಬ್ಯಾಂಕಿಗೆ ತೋರಿಸಲು ಯುವತಿಯ ಬಳಿ ಏನೂ ಇರುವುದಿಲ್ಲ. ಕರ್ನಾಟಕ 1994ರಲ್ಲೇ, ದೇಶ 2005ರಲ್ಲಿ, ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮಾನ ಹಕ್ಕು ಕೊಟ್ಟಿವೆ. ತವರಿಗೆ ಹಕ್ಕುಬಿಡುಗಡೆ ಪತ್ರ ಬರೆದುಕೊಡುವ ಪದ್ಧತಿ ಆ ಹಕ್ಕನ್ನು ಹೆಚ್ಚಾಗಿ ಕಾಗದದಲ್ಲೇ ಉಳಿಸಿದೆ. ಅಡಮಾನವಿಲ್ಲದ ಮುದ್ರಾ ಸಾಲ 2015ರಿಂದ ಈ ಕೊರತೆಯನ್ನು ಅಷ್ಟಿಷ್ಟು ತುಂಬಿದೆ.

ಎರಡನೆಯ ಅಡ್ಡಿ ಮಾರ್ಗದರ್ಶಿಯೇ ಸಿಗದಿರುವುದು. ಮುಂದೆ ನಡೆದುಹೋದ ಹೆಂಗಸರು ಕಡಿಮೆ ಇರುವ ಕಸುಬಿನಲ್ಲಿ ದಾರಿ ತೋರಿಸುವವರು ಗಂಡಸರೇ ಆಗಬೇಕಾಗುತ್ತದೆ. ಮಂಡಿಯ ವ್ಯಾಪಾರದಲ್ಲಂತೂ ಅನುಭವವೆಲ್ಲ ಅವರ ಬಳಿಯೇ ಇದೆ. ತಂದೆ, ಸೋದರಮಾವ, ಪರಿಚಯದ ದಲ್ಲಾಳಿ ಹೇಳಿಕೊಟ್ಟು ಮೇಲೆ ಬಂದ ಹೆಣ್ಣುಮಕ್ಕಳಿದ್ದಾರೆ. ಇದನ್ನು ಯಾವ ಯೋಜನೆಯೂ ಮಾರ್ಗದರ್ಶನವೆಂದು ಎಣಿಸುವುದಿಲ್ಲ. ಇನ್ನು ಒಂದೇ ಊರಿನಲ್ಲಿ ಒಂದೇ ಸರಕು ಮಾಡುವವರ ನಡುವೆ ಪೈಪೋಟಿಯೂ ಇರುತ್ತದೆ. ತನ್ನ ಗಿರಾಕಿಯನ್ನು ತೋರಿಸಿಕೊಡು ಎಂದರೆ ಯಾರು ತಾನೆ ಸುಮ್ಮನೆ ತೋರಿಸುತ್ತಾರೆ? ಆದ್ದರಿಂದ ಪಕ್ಕದ ತಾಲ್ಲೂಕಿನವಳನ್ನು, ಅಥವಾ ಒಂದೇ ಸರಪಣಿಯ ಬೇರೆ ಕೊಂಡಿಯಲ್ಲಿರುವವಳನ್ನು ಜೋಡಿಸುವುದು ಮೇಲು: ಎಣ್ಣೆ ಮಾಡುವವಳಿಗೆ ಮಿಠಾಯಿ ಮಾಡುವವಳು, ಹಗ್ಗ ಹೊಸೆಯುವವಳಿಗೆ ಸಸಿಮಡಿ ನಡೆಸುವವಳು.

ಮೂರನೆಯದು ಮದುವೆ. ಇಪ್ಪತ್ತೊಂದರಲ್ಲಿ ತವರಿನಲ್ಲಿ ಶುರುಮಾಡಿದ ಘಟಕ ಇಪ್ಪತ್ತಮೂರರಲ್ಲಿ ಚಿಕ್ಕನಾಯಕನಹಳ್ಳಿಯಿಂದ ಹಿರಿಯೂರಿಗೋ ಕಡೂರಿಗೋ ಹೋಗಬೇಕಾಗುತ್ತದೆ. ಉದ್ಯಮ್ ನೋಂದಣಿಯ ವಿಳಾಸವನ್ನು ಅಂತರ್ಜಾಲದಲ್ಲಿ ತಿದ್ದಿಕೊಳ್ಳಬಹುದು. ಆಹಾರ ಪರವಾನಗಿ ಜಾಗಕ್ಕೆ ಅಂಟಿಕೊಂಡಿರುವುದರಿಂದ ಹೊಸದನ್ನೇ ಮಾಡಿಸಬೇಕು. ಸಂಘದ ಸದಸ್ಯತ್ವ ಬಿಟ್ಟುಹೋಗುತ್ತದೆ, ಉಳಿತಾಯ ಹಿಂದಕ್ಕೆ ಬರುತ್ತದೆ, ಸಾಲದ ಇತಿಹಾಸ ಹಳೆಯ ಸಂಘದ ಪುಸ್ತಕದಲ್ಲಿ ಉಳಿಯುತ್ತದೆ. ಅವಳ ಜತೆ ಓಡಾಡುತ್ತಿದ್ದ ಸಂಪನ್ಮೂಲ ವ್ಯಕ್ತಿಯ ವ್ಯಾಪ್ತಿ ಜಿಲ್ಲೆಯ ಗಡಿಗೆ ಮುಗಿಯುತ್ತದೆ. ಗಂಡನ ಊರಿನ ಒಕ್ಕೂಟಕ್ಕೆ ಅವಳ ಕಡತವನ್ನು ದಾಟಿಸುವ ಏರ್ಪಾಟು ಯೋಜನೆಗಳಲ್ಲಿ ಕಾಣುವುದಿಲ್ಲ. ಗಾಣವನ್ನು ಮಾತ್ರ ಟೆಂಪೋದಲ್ಲಿ ಹಾಕಿಕೊಂಡು ಹೋಗಬಹುದು.